ಕುದುರೆ ಜಿ5ರ ತನಕ ಪಾಠ ಪಕ್ಕಾ: ಶಿವಮೊಗ್ಗದ ಚೆಸ್ ಓಪನಿಂಗ್ ತರಗತಿಯೊಂದರ ವಿಮರ್ಶೆ

ಎಂಟು ವಾರ, ಶನಿವಾರ–ಭಾನುವಾರ ಮಾತ್ರ. ಬಿಳಿ ಕಾಯಿಗೆ ಇಟಾಲಿಯನ್ ಓಪನಿಂಗ್ (ಓಪನಿಂಗ್ ಅಂದರೆ ಆಟ ಶುರುಮಾಡುವ ಗೊತ್ತಾದ ನಡೆಗಳ ಸಾಲು), ಅದೊಂದೇ ಪಾಠ. ತೀರ್ಥಹಳ್ಳಿ, ಸಾಗರದಿಂದ ಮಳೆಯಲ್ಲೂ ಬಸ್ಸು ಹತ್ತಿ ಬರುವ ಮಕ್ಕಳಿದ್ದಾರೆ. ಹಾಗಾಗಿ ಕಲಿತದ್ದು ಟೂರ್ನಿಯಲ್ಲಿ ಎಷ್ಟನೇ ನಡೆವರೆಗೆ ಬರುತ್ತದೆ ಅನ್ನುವುದೇ ಮುಖ್ಯ.

ಆರಂಭ ಚೆನ್ನಾಗಿದೆ (ಅಕ್ಷರ, ಅಂಕಿ ಸೇರಿದರೆ ಮನೆಯ ಹೆಸರು; ಕಾಯಿ ಹೇಳದಿದ್ದರೆ ಕಾಲಾಳು; ಮೊದಲು ಬಿಳಿ ನಡೆ, ಆಮೇಲೆ ಕಪ್ಪು). ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಕುದುರೆ ಎಫ್6, ಕುದುರೆ ಜಿ5 ಡಿ5. ಬಿಳಿ ಕಾಲಾಳು ಡಿ5ರಲ್ಲಿ ಹೊಡೆದ ಮೇಲೆ ಕಪ್ಪು ಕುದುರೆಯಿಂದ ತಿರುಗಿ ಹೊಡೆದರೆ ಕೆಟ್ಟಿತು: ಬಿಳಿ ಕುದುರೆ ಎಫ್7ರಲ್ಲಿ ಬಲಿ, ರಾಜ ಅದನ್ನು ತಿಂದರೆ ರಾಣಿ ಎಫ್3ರಿಂದ ಚೆಕ್. ಡಿ5ರ ಕುದುರೆ ಉಳಿಯಬೇಕಾದರೆ ರಾಜ ಇ6ಕ್ಕೇ, ಅಂದರೆ ನಡುಬೀದಿಗೇ, ಬರಬೇಕು. ಆಮೇಲೆ ಕುದುರೆ ಸಿ3. ಫ್ರೈಡ್ ಲಿವರ್ ಎಂಬ ಈ ದಾಳಿಯನ್ನು ಮಕ್ಕಳು ನಿದ್ದೆಯಲ್ಲೂ ಆಡುತ್ತಾರೆ.

ತೊಂದರೆ ಇರುವುದು ಎದುರಾಳಿ ಡಿ5ರಲ್ಲಿ ತಿರುಗಿ ಹೊಡೆಯದೆ ಸಿ6ರ ಕುದುರೆಯನ್ನು ಎ5ಕ್ಕೆ ಒಯ್ದಾಗ. ಸ್ವಲ್ಪ ಓದಿಕೊಂಡವರೆಲ್ಲ ಹಾಗೇ ಆಡುವುದು. 15 ನಿಮಿಷ, ನಡೆಗೆ 10 ಸೆಕೆಂಡು ಸೇರುವ ರ‍್ಯಾಪಿಡ್ ಟೂರ್ನಿಯಲ್ಲಿ ಈ ತರಗತಿಯ ಹುಡುಗನೊಬ್ಬ ಏಳು ನಡೆಯನ್ನು ಒಂದು ನಿಮಿಷದೊಳಗೆ ಮುಗಿಸಿದ: ಒಂಟೆ ಬಿ5 ಚೆಕ್, ಸಿ6, ಹೊಡೆತ, ಹೊಡೆತ. ಎಂಟನೆಯದಕ್ಕೆ ಆರು ನಿಮಿಷ ಕೂತ. ಒಂಟೆ ಇ2 ಸರಿಯೇ. ಕಪ್ಪಿನ ಎಚ್6 ನಡೆಗೆ ಉತ್ತರವಾಗಿ ಕುದುರೆ ಎಫ್3ಕ್ಕೆ ಹಿಂದೆ ಸರಿದದ್ದೂ ಸರಿ. ಆದರೆ ಕಪ್ಪಿನ ಕಾಲಾಳು ಇ4ಕ್ಕೆ ಬಂದ ಕೂಡಲೇ ಆ ಕುದುರೆಯನ್ನು ಜಿ1ಕ್ಕೆ, ಹೊರಟ ಮನೆಗೇ, ವಾಪಸು ಇಟ್ಟ. ಅಲ್ಲಿ ಕುದುರೆ ಇ5 ಆಡಿ, ಒಂಟೆ ಡಿ6 ಬಂದರೆ ಡಿ4 ಎನ್ನಬೇಕಿತ್ತು. ಜಿ1ಕ್ಕೆ ಇಟ್ಟ ಮೇಲೆ ಒಂದು ಕಾಲಾಳು ಲಾಭ ನಿಜ, ಆದರೆ ಮನೆಬಿಟ್ಟ ಬಿಳಿ ಕಾಯಿ ಇ2ರ ಒಂಟೆ ಒಂದೇ. ಕಪ್ಪಿನ ಎರಡೂ ಕುದುರೆ ಹೊರಗಿವೆ, ಒಂಟೆ ಸಿ5ಕ್ಕೆ ಸಿದ್ಧ. (1963ರಲ್ಲಿ ಅಮೆರಿಕದ ಆಟಗಾರ ಬಿಸ್ಗಯರ್ ಎದುರು, ಮುಂದೆ ವಿಶ್ವ ಚಾಂಪಿಯನ್ ಆದ ಫಿಷರ್ ಒಂಬತ್ತನೇ ನಡೆಯಲ್ಲಿ ಕುದುರೆಯನ್ನು ಎಚ್3ಕ್ಕೆ ಹಾಕಿ ಗೆದ್ದರು. ಮಕ್ಕಳಿಗೆ ಅದು ಬೇಡ.) ಎಂಟನೇ ನಡೆಗೆ ಒಂಟೆ ಡಿ3 ಕಲಿಸಿದರೆ ಸುಲಭ: ಎಚ್6 ಬಂದಾಗ ಕುದುರೆಗೆ ಇ4 ಮನೆ ಸಿಗುತ್ತದೆ. ಡಿ ಕಾಲಾಳು ಸ್ವಲ್ಪ ಹೊತ್ತು ಕಟ್ಟಿಹಾಕಿದಂತೆ ಇರುತ್ತದೆ, ಅಷ್ಟೇ.

ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತುವ ಅಭ್ಯಾಸ ಚೆನ್ನಾಗಿ ಮಾಡಿಸುತ್ತಾರೆ. ಬೋರ್ಡುಗಳು ವಿನೈಲಿನವು, ಸುರುಳಿ ಸುತ್ತಿಟ್ಟದ್ದರಿಂದ ಮೂಲೆ ಎದ್ದು ಎಚ್1ರ ಆನೆ ವಾಲುತ್ತದೆ.

ಹೊಸಬರು ಸೇರಬಹುದು. ಟೂರ್ನಿ ಆಡುತ್ತಿರುವವರು ಕುದುರೆ ಎ5ಕ್ಕೆ ಎರಡು ವಾರ ಕೊಡುತ್ತೀರಾ ಅಂತ ಮೊದಲೇ ಕೇಳಿಕೊಂಡು ಹಣ ಕಟ್ಟಿ.