ವೆಟ್ಟೋ ಡ್ರೈಯೋ? ಒಂದೇ ಕಾರಿಗೆ ಎರಡೂ ನೈಟ್ರಸ್ ಕಿಟ್ ಹಾಕಿ ನೋಡಿದ ಮೇಲೆ

ನನ್ನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಟರ್ಬೊ ಇಲ್ಲ. ದಿನಾ ಕೆಲಸಕ್ಕೆ ಹೋಗುವುದೂ ಇದರಲ್ಲೇ, ರಜೆ ಬಂದರೆ ಡ್ರ್ಯಾಗ್ ಟ್ರ್ಯಾಕಿಗೆ ಒಯ್ಯುವುದೂ ಇದನ್ನೇ. ಮೊದಲು 50 ಎಚ್‌ಪಿ (ಅಶ್ವಶಕ್ತಿ) ಹೆಚ್ಚಿಸುವ ಡ್ರೈ ನೈಟ್ರಸ್ ಕಿಟ್ ಹಾಕಿದೆ; ಬಾಟಲ್‌ನಲ್ಲಿರುವ ನೈಟ್ರಸ್ ಆಕ್ಸೈಡ್ ಅನಿಲವನ್ನು ಇಂಜಿನ್ನಿಗೆ ಬಿಡುವ ಸಾಮಾನು ಇದು. ವರ್ಷ ಕಳೆದ ಮೇಲೆ ಆಸೆ ಜಾಸ್ತಿಯಾಗಿ ಅದನ್ನು ಬಿಚ್ಚಿ 75ರ ವೆಟ್ ಕಿಟ್ ಕೂರಿಸಿದೆ. ಈಗ ಮತ್ತೆ ಡ್ರೈಗೇ ವಾಪಸ್ ಬಂದಿದ್ದೇನೆ.

ಹೊಸಬರಿಗೆ ಒಂದು ಮಾತು. ನೈಟ್ರಸ್ ತಾನಾಗಿ ಉರಿಯುವ ವಸ್ತು ಅಲ್ಲ. ಇಂಜಿನ್ ಸಿಲಿಂಡರಿನ ಬಿಸಿಗೆ ಒಡೆದು ಆಕ್ಸಿಜನ್ ಬಿಡುತ್ತದೆ, ಅಷ್ಟೇ ಅದರ ಕೆಲಸ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಕ್ಸಿಜನ್ ಸುಮಾರು 23%, ನೈಟ್ರಸ್‌ನಲ್ಲಿ 36%. ಆಕ್ಸಿಜನ್ ಹೆಚ್ಚಿತು ಅಂದರೆ ಪೆಟ್ರೋಲೂ ಹೆಚ್ಚಬೇಕು. ಆ ಹೆಚ್ಚಿನ ಪೆಟ್ರೋಲ್ ಎಲ್ಲಿಂದ ಬರುತ್ತದೆ ಅನ್ನುವುದೇ ವೆಟ್ಟಿಗೂ ಡ್ರೈಗೂ ಇರುವ ವ್ಯತ್ಯಾಸ. ಡ್ರೈನಲ್ಲಿ ನಾಝಲ್ ಬರೀ ನೈಟ್ರಸ್ ಚಿಮ್ಮಿಸುತ್ತದೆ, ಪೆಟ್ರೋಲ್ ಕೊಡುವುದು ಕಾರಿನದೇ ಇಂಜೆಕ್ಟರ್‌ಗಳು. ವೆಟ್‌ನಲ್ಲಿ ಪೆಟ್ರೋಲಿಗೂ ಬೇರೆ ಲೈನು, ಬೇರೆ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್). ಎರಡೂ ಒಂದೇ ನಾಝಲ್‌ನಿಂದ ಮಂಜಿನ ಹಾಗೆ ಒಳಗೆ ಹೋಗುತ್ತವೆ.

ಡ್ರೈ ಕಿಟ್ ಕೂರಿಸಲು ನನಗೆ ಅರ್ಧ ದಿನ ಸಾಕಾಯಿತು. ಪೆಟ್ರೋಲ್ ಪೈಪಿಗೆ ಕೈ ಹಚ್ಚುವ ಕೆಲಸವೇ ಇಲ್ಲ. ಆದರೆ ತಲೆನೋವು ಟ್ಯೂನಿಂಗ್‌ನಲ್ಲಿದೆ. ನೈಟ್ರಸ್ ಶುರುವಾದ ಕೂಡಲೇ ಇಂಜೆಕ್ಟರ್ ಜಾಸ್ತಿ ಹೊತ್ತು ತೆರೆದಿರಬೇಕು, ಇಗ್ನಿಷನ್ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಬರಬೇಕು, ಅಂದರೆ ಕಿಡಿ ತುಸು ತಡವಾಗಿ ಹಾರಬೇಕು. ಅದನ್ನೆಲ್ಲ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ ಕಲಿಸಬೇಕು. ಟೈಮಿಂಗಿಗೆ 50 ಎಚ್‌ಪಿಗೆ 2 ಡಿಗ್ರಿ ಅನ್ನುವ ಹಳೇ ಲೆಕ್ಕದಿಂದಲೇ ನಾನು ಶುರು ಮಾಡಿದ್ದು. ಸ್ಪಾರ್ಕ್ ಪ್ಲಗ್ಗನ್ನೂ ಒಂದು ಹೆಜ್ಜೆ ತಣ್ಣಗಿನದಕ್ಕೆ, ಅಂದರೆ ಬಿಸಿಯನ್ನು ಬೇಗ ಹೊರಗೆ ಸಾಗಿಸುವುದಕ್ಕೆ ಬದಲಾಯಿಸಿದೆ.

50ರಲ್ಲಿ ಎಲ್ಲ ಸರಿಯಿತ್ತು. ಅದೇ ಡ್ರೈ ಕಿಟ್‌ಗೆ 75ರ ಜೆಟ್ (ಹರಿವನ್ನು ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಹಾಕಿ ನೋಡಿದಾಗ ಮಿತಿ ಗೊತ್ತಾಯಿತು. ನಾಲ್ಕನೇ ಗೇರಿನಲ್ಲಿ 6,000 ಆರ್‌ಪಿಎಂ ದಾಟಿದಾಗ ಲಾಗ್‌ನಲ್ಲಿ ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಹೊತ್ತಿನ ಪಾಲು) 92%. ಸಾಮಾನ್ಯವಾಗಿ 80–85ಕ್ಕೆ ನಿಲ್ಲಿಸಬೇಕು ಅಂತಾರೆ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ 12.0ರಿಂದ ಮೆಲ್ಲಗೆ 12.9ಕ್ಕೆ ಜಾರಿತ್ತು. ಅಂದರೆ ಇಂಜೆಕ್ಟರ್‌ಗೆ ಕೊಡಲು ಇನ್ನು ಪೆಟ್ರೋಲ್ ಇಲ್ಲ, ನೈಟ್ರಸ್ ಮಾತ್ರ ಬರ್ತಾನೇ ಇದೆ. ನೈಟ್ರಸ್‌ನಲ್ಲಿ ಪಿಸ್ಟನ್ ಕರಗುವುದು ಹೀಗೆಯೇ. ಕಾಲು ತೆಗೆದೆ.

ದೊಡ್ಡ ಇಂಜೆಕ್ಟರ್ ಹಾಕಿಸಬಹುದಿತ್ತು. ನಾನು ವೆಟ್ ಕಿಟ್ ತಂದೆ.

ವೆಟ್ ಎಳೆಯುವುದನ್ನು ಒಪ್ಪಲೇಬೇಕು. 75ರಲ್ಲೂ ಮೀಟರ್ 11.8ರಿಂದ ಕದಲಲಿಲ್ಲ. ಪೆಟ್ರೋಲ್ ಜೆಟ್ ಬದಲಾಯಿಸಿದರೆ ಮಿಶ್ರಣ ಬದಲಾಗುತ್ತದೆ, ಅದಕ್ಕೆ ಲ್ಯಾಪ್‌ಟಾಪ್ ಬೇಡ, ಸ್ಪ್ಯಾನರ್ ಸಾಕು. ಆದರೆ ಕೂರಿಸಲು ಎರಡು ದಿನ ಹಿಡಿಯಿತು. ಫ್ಯೂಯಲ್ ರೇಲ್‌ನಿಂದ ಲೈನ್ ತೆಗೆದು, ಪಂಪ್ ಓಡಿಸಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಒತ್ತಿ ಒದ್ದೆಯಾಗುತ್ತಾ ಅಂತ ನೋಡಬೇಕು. ಎರಡನೇ ಜಾಯಿಂಟಿನ ಟಿಶ್ಯೂ ಒದ್ದೆಯಾಯಿತು. ಬಿಚ್ಚಿ ಮತ್ತೆ ಕಟ್ಟಿದೆ.

ಇಷ್ಟಾದ ಮೇಲೆ ಒಂದು ದಿನ ಟ್ರ್ಯಾಕಿನಲ್ಲಿ ಆತುರಪಟ್ಟು ಬೇಗ ಮೂರನೇ ಗೇರ್ ಹಾಕಿದೆ. 2,600 ಆರ್‌ಪಿಎಂ, ಆಕ್ಸಲರೇಟರ್ ಪೂರ್ತಿ. ಯಾವ ಆರ್‌ಪಿಎಂನಿಂದ ನೈಟ್ರಸ್ ಬಿಡಬೇಕು ಅಂತ ನಿಗದಿ ಮಾಡುವ ವಿಂಡೋ ಸ್ವಿಚ್ಚನ್ನು 3,000ಕ್ಕೆ ಇಡಬೇಕಿತ್ತು, 2,500ಕ್ಕೆ ಇಟ್ಟಿದ್ದೆ. ಢಬ್ ಅಂತ ಸದ್ದು. ಇನ್‌ಟೇಕ್ ಪೈಪ್ ಕ್ಲ್ಯಾಂಪಿನಿಂದ ಕಿತ್ತು ಬಂದಿತ್ತು, ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಸೀಳಿತ್ತು. ತಪ್ಪು ನನ್ನದೇ, ಕಿಟ್‌ನದಲ್ಲ.

ಇಂಜಿನ್ ತಣ್ಣಗಾದ ಮೇಲೆ ಥ್ರಾಟಲ್ ಬಾಡಿ ಬಿಚ್ಚಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳು) ಒಳಗೆ ಬೆರಳಾಡಿಸಿದೆ. ತಳದಲ್ಲಿ ಇನ್ನೂ ಪೆಟ್ರೋಲ್ ಪಸೆ. ಈ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಮಾಡಿರುವುದು ಬರೀ ಗಾಳಿಗೆ. ಗಾಳಿ ಹೇಗೋ ತಿರುವು ತಗೊಳ್ಳುತ್ತದೆ, ಪೆಟ್ರೋಲ್ ಹನಿಗಳು ನೇರ ಹೋಗಿ ಗೋಡೆಗೆ ಬಡಿಯುತ್ತವೆ. ಗಾಳಿಯ ವೇಗ ಕಮ್ಮಿ ಇದ್ದರಂತೂ ತಳಕ್ಕೆ ಇಳಿದು ನಿಲ್ಲುತ್ತವೆ. ಹಾಗೆ ನಿಂತ ಪೆಟ್ರೋಲ್ ಹೊತ್ತಿಕೊಂಡದ್ದೇ ಆ ಢಬ್. ಪ್ಲಗ್ ತೆಗೆದು ಸಾಲಾಗಿ ಇಟ್ಟೆ. ಒಂದನೆಯದು ಮಸಿ ಹಿಡಿದಿದೆ, ನಾಲ್ಕನೆಯದು ಬೆಳ್ಳಗೆ, ಅಂದರೆ ಅಲ್ಲಿ ಪೆಟ್ರೋಲ್ ಜಾಸ್ತಿ, ಇಲ್ಲಿ ಕಮ್ಮಿ. ಮೀಟರ್ ತೋರಿಸುತ್ತಿದ್ದ ಚೆಂದದ 11.8 ನಾಲ್ಕರ ಸರಾಸರಿ ಮಾತ್ರ! ಡ್ರೈನಲ್ಲಿ ಇದೇ ನಾಲ್ಕು ಪ್ಲಗ್‌ಗಳ ಬಣ್ಣ ಹೆಚ್ಚೂಕಮ್ಮಿ ಒಂದೇ ಇತ್ತು. ಅಲ್ಲಿ ಪ್ರತಿ ಸಿಲಿಂಡರಿಗೂ ಅದರದೇ ಇಂಜೆಕ್ಟರ್ ಬಡಿಸುತ್ತದೆ, ಅಲ್ವಾ?

ಪ್ರತಿ ಸಿಲಿಂಡರಿಗೂ ಒಂದೊಂದು ನಾಝಲ್ ಇರುವ ವೆಟ್ ಕಿಟ್ಟೂ ಇದೆ. ದಿನಾ ಓಡಿಸುವ ಕಾರಿಗೆ ಅಷ್ಟೊಂದು ಪೈಪುಗಳು ಯಾಕೆ ಅನ್ನಿಸಿತು.

ಬಾಟಲ್ ಪ್ರೆಶರ್ ವಿಷಯದಲ್ಲಿ ಎರಡೂ ಕಿಟ್ ಒಂದೇ. 900ರಿಂದ 1,000 ಪಿಎಸ್‌ಐ ಒಳಗೆ ಇದ್ದರೆ ಸರಿ. ಬಾಟಲ್ ತಣ್ಣಗಿದ್ದರೆ ನೈಟ್ರಸ್ ಕಮ್ಮಿ ಬಂದು ಇಂಜಿನ್ ಮುಗ್ಗರಿಸುತ್ತದೆ. ಜಾಸ್ತಿ ಬಿಸಿಯಾದರೆ ನೈಟ್ರಸ್ ಹೆಚ್ಚು ಬಂದು ಮಿಶ್ರಣ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲದಾಗುತ್ತದೆ. ಅದಕ್ಕೆಂದೇ ಇರುವ ಹೀಟರ್ ಬಳಸಿ, ಬಾಟಲ್‌ಗೆ ಬೆಂಕಿ ಹಿಡಿಯುವ ಹುಚ್ಚು ಸಾಹಸ ಬೇಡವೇ ಬೇಡ. ರಸ್ತೆಯಲ್ಲಿ ನನ್ನ ಬಾಟಲ್‌ನ ವಾಲ್ವ್ ಯಾವಾಗಲೂ ಮುಚ್ಚಿರುತ್ತದೆ. ಎಷ್ಟೋ ಕಡೆ ರಸ್ತೆಯಲ್ಲಿ ನೈಟ್ರಸ್ ಬಳಸಲು ಕಾನೂನಿನ ಅಡ್ಡಿಯೂ ಇದೆ.

ಈಗ ದೊಡ್ಡ ಇಂಜೆಕ್ಟರ್, ಹೊಸ ಪಂಪ್ ಹಾಕಿಸಿ ಡ್ರೈನಲ್ಲೇ 75 ಓಡಿಸುತ್ತಿದ್ದೇನೆ. ಡ್ಯೂಟಿ 70% ಆಸುಪಾಸು. ಖರ್ಚು ವೆಟ್ ಕಿಟ್‌ಗಿಂತ ಜಾಸ್ತಿಯೇ ಆಯಿತು, ಸುಳ್ಳು ಹೇಳಲ್ಲ. ವೆಟ್ ಕಿಟ್ಟನ್ನು ಗೆಳೆಯ ತಗೊಂಡ. ಅವನದು ಕಾರ್ಬ್ಯುರೇಟರ್ ಇರುವ ಹಳೇ ಕಾರು, ಮ್ಯಾನಿಫೋಲ್ಡ್ ಮಾಡಿರುವುದೇ ಗಾಳಿ ಪೆಟ್ರೋಲ್ ಎರಡೂ ಹರಿಯಲಿ ಅಂತ. ಇಂಜೆಕ್ಟರೇ ಇಲ್ಲದ ಆ ಕಾರಿಗೆ ಡ್ರೈ ಹೊಂದುವುದೂ ಇಲ್ಲ. ಅಲ್ಲಿ ಅದು ಒಂದು ಸಲವೂ ಢಬ್ ಅಂದಿಲ್ಲ.