ಬೆಲ್ಲದ ಪುಸ್ತಕ, ಪ್ರೆಸ್‌ನವರ ಪ್ಯಾಕೇಜ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

‘ವಿಷಯ ನೀವು ಹೇಳಿ, ಪುಸ್ತಕ ನಾವು ಮಾಡಿಕೊಡ್ತೀವಿ’ ಎನ್ನುವ ಪ್ಯಾಕೇಜುಗಳು ವ್ಯಾಪಾರಸ್ಥರಿಗೆಂದೇ ಮೈಸೂರಿನಲ್ಲೂ ಸಿಗುತ್ತಿವೆ. ಇಲ್ಲಿ ನೋಡಿರುವುದು ಅಂಥದ್ದೊಂದನ್ನು, ಹೆಸರು ಬೇಡ. ಅದರಿಂದ ಹೊರಬಂದದ್ದು ಮಂಡ್ಯ ಕಡೆಯ ಆಲೆಮನೆಯವರೊಬ್ಬರ ಪುಸ್ತಕ: ರಾಸಾಯನಿಕ ಹಾಕದ ಬೆಲ್ಲದ ಬಗ್ಗೆ, ಡೆಮಿ 1/8 (ಸುಮಾರು 5.5×8.5 ಇಂಚು) ಅಳತೆ, 160 ಪುಟ, 500 ಪ್ರತಿ. ಟೈಪಿಂಗ್, ಪುಟವಿನ್ಯಾಸ, ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), ಮುದ್ರಣ, ಇ-ಪುಸ್ತಕ, ‘ಬೆಸ್ಟ್ ಸೆಲ್ಲರ್ ಪ್ರಚಾರ’, ಬಿಡುಗಡೆ ಸಮಾರಂಭ, ಎಲ್ಲವೂ ಒಂದೇ ಬಿಲ್ಲಿನಲ್ಲಿ.

ಮೊದಲೇ ಹೇಳಿಬಿಡೋಣ. ಮುದ್ರಣ, ಬೈಂಡಿಂಗ್ ಚೆನ್ನಾಗಿದೆ. ಅಕ್ಷರಜೋಡಣೆ ಸುಮಾರು. ಬೆಸ್ಟ್ ಸೆಲ್ಲರ್ ಭಾಗಕ್ಕೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಪುಸ್ತಕದ ಒಳಗೆ ಬಂದರೆ, ಮೊದಲ 22 ಪುಟ ಮುನ್ನುಡಿ, ಆಶಯನುಡಿ, ಶುಭಹಾರೈಕೆ, ವಂಶದ ಫೋಟೋಗಳಿಗೇ ಹೋಗಿದೆ. ಬೆನ್ನುಡಿ ಬೇರೆ ಇದೆ. ಗಿರಾಕಿ ಇದನ್ನು ಓದುವುದಿಲ್ಲ. ಪುಸ್ತಕ ನಿಜವಾಗಿ ಶುರುವಾಗುವುದು ‘ಮಳೆಗಾಲದಲ್ಲಿ ಬೆಲ್ಲ ಯಾಕೆ ನೀರೊಡೆಯುತ್ತದೆ’ ಎಂಬ ಅಧ್ಯಾಯದಿಂದ. ಕೊಪ್ಪರಿಗೆಯಲ್ಲಿ ರಸಕ್ಕೆ ಬೆಂಡೆಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯುವುದು, ಬಣ್ಣ ಬಿಳುಪಾಗಲೆಂದು ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದು, ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಬೆಲ್ಲ ಇಳಿಯುವ ಲೆಕ್ಕ, ಎಲ್ಲ ಇಲ್ಲಿದೆ. ವ್ಯಾಪಾರ ತರುವುದು ಈ ಪುಟಗಳೇ. ಕಪ್ಪಗಿರುವ ಬೆಲ್ಲಕ್ಕೆ ಯಾಕೆ ಹೆಚ್ಚು ಕೊಡಬೇಕು ಎಂದು ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವವರಿಗೆ ಇಲ್ಲಿ ಉತ್ತರವಿದೆ. ಇಂಥ ಪುಸ್ತಕ ಬರೆಯುವವರು ಗಿರಾಕಿಗಳು ಪದೇ ಪದೇ ಕೇಳುವ 20–25 ಪ್ರಶ್ನೆ ಗುರುತು ಹಾಕಿಕೊಂಡು, ಒಂದೊಂದಕ್ಕೆ ಐದಾರು ಪುಟ ಬರೆದರೆ ಸಾಕು, 100–150 ಪುಟ ತಾನಾಗಿ ಆಗುತ್ತದೆ. ಇದನ್ನು ಹೇಳಿಕೊಡಬೇಕಾದ ಸಂಪಾದಕರು ಪ್ಯಾಕೇಜಿನಲ್ಲಿ ಇಲ್ಲ. ಪ್ರೂಫ್ ನೋಡುವವರಿದ್ದಾರೆ, ಅದು ಬೇರೆ ಕೆಲಸ.

ಆ ಪ್ರೂಫ್ ಕೂಡ ಅಷ್ಟಕ್ಕಷ್ಟೆ. 47ನೇ ಪುಟದಲ್ಲಿ ‘ಕಾರ್ಯ’ ಎಂಬುದು ‘ಕಾಯ೯’ ಆಗಿದೆ. ಕಣ್ಣಿಗೆ ಅರ್ಕಾವತ್ತಿನ ಹಾಗೇ ಕಾಣುತ್ತದೆ, ಆದರೆ ಅದು ಕನ್ನಡದ ಒಂಬತ್ತು. ‘ಬಂದು’ ಎನ್ನುವಲ್ಲಿ ಅನುಸ್ವಾರದ ಬದಲು ಸೊನ್ನೆ ಕೂತಿದೆ. ನುಡಿ, ಶ್ರೀಲಿಪಿಯಂಥ ಕನ್ನಡ ತಂತ್ರಾಂಶಗಳ ಹಳೇ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವಾಗ, ಇಲ್ಲವೇ ಟೈಪ್ ಮಾಡುವವರು ಒಂದೆರಡು ಕೀಲಿ ಒತ್ತುವುದನ್ನು ಉಳಿಸಲು ಹೋದಾಗ ಆಗುವ ಅವಾಂತರ ಇದು. ಕಾಗದದ ಮೇಲೆ ಹೇಗೋ ನಡೆದುಹೋಗುತ್ತದೆ, ಇ-ಪುಸ್ತಕದಲ್ಲಿ ಹುಡುಕಿದರೆ ಪದವೇ ಸಿಗುವುದಿಲ್ಲ. ಹಿಡಿಯುವುದು ಸುಲಭ: ಪುಸ್ತಕದ ಅಂಕಿಗಳೆಲ್ಲ 1, 2, 3 ಎಂದೇ ಇದ್ದರೆ, ಫೈಲಿನಲ್ಲಿ ೯ ಮತ್ತು ೦ ಎರಡನ್ನೂ ಹುಡುಕಿ. ಸಿಕ್ಕಿದ್ದೆಲ್ಲ ತಪ್ಪೇ. ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಜಾರಿದ್ದರೆ ಅದು ಟೈಪಿಂಗ್ ದೋಷವಲ್ಲ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿಲ್ಲ, ಅಷ್ಟೆ.

ಇನ್ನು ಅಚ್ಚು. ಪ್ರೆಸ್‌ನವರು ಇಲ್ಲಿ ಪಳಗಿದ ಕೈ. 160 ಪುಟ ಎಂದರೆ 16 ಪುಟದ ಹತ್ತು ಫಾರಂ (ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು), ಒಂದೂ ಅರ್ಧ ಉಳಿಯದ ಲೆಕ್ಕ. ಅದೇ 164 ಪುಟ ಆಗಿದ್ದರೆ ನಾಲ್ಕೇ ಪುಟಕ್ಕೆ ಇನ್ನೊಂದು ಸಲ ಪ್ಲೇಟು, ಮಿಷನ್ನಿನ ಖರ್ಚು ಬೀಳುತ್ತಿತ್ತು. 18×23 ಇಂಚಿನ ಹಾಳೆಯಲ್ಲಿ ಒಂದು ಪ್ರತಿಗೆ ಹತ್ತು ಹಾಳೆ, 500 ಪ್ರತಿಗೆ ಹತ್ತು ರೀಮು (ರೀಮಿಗೆ 500 ಹಾಳೆ), ಹಾಳಾಗುವುದಕ್ಕೆ ಅರ್ಧ ರೀಮು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ ಕಾಗದ ರೀಮಿಗೆ ಸುಮಾರು 9.35 ಕೆಜಿ ತೂಗುತ್ತದೆ, ಒಟ್ಟು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ ಕಾಗದ. ಕೊಟೇಶನ್ ಕೈಗೆ ಬಂದಾಗ ಅಂದಿನ ಕೆಜಿ ದರ ಕೇಳಿ ಗುಣಿಸಿ ನೋಡಿದರೆ ಕಾಗದದ ಬಾಬತ್ತು ಎಷ್ಟು ಎಂದು ತಿಳಿದುಬಿಡುತ್ತದೆ.

ಒಪ್ಪಿದ ಕಾಗದವನ್ನೇ ಹಾಕಿದ್ದಾರೆಯೇ ಎಂದು ನೋಡಲು ಬೆಲ್ಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. 70 ಜಿಎಸ್‌ಎಂ ಒಳಪುಟ, 300 ಜಿಎಸ್‌ಎಂ ಆರ್ಟ್ ಕಾರ್ಡ್ ರಕ್ಷಾಪುಟ ಇರುವ 160 ಪುಟದ ಡೆಮಿ ಪುಸ್ತಕ 190 ಗ್ರಾಂ ಆಸುಪಾಸು ಬರಬೇಕು. 165ರ ಹತ್ತಿರ ನಿಂತರೆ ಒಳಗಿರುವುದು 60 ಜಿಎಸ್‌ಎಂ. ಈ ಪುಸ್ತಕ 188 ಗ್ರಾಂ ತೂಗಿತು, ಪ್ರೆಸ್‌ನವರು ಮಾತು ಉಳಿಸಿಕೊಂಡಿದ್ದಾರೆ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿಯೇ ಇದೆ, ಹಾಗಾಗಿ ಪುಟ ಸುಲಭವಾಗಿ ಮಗುಚುತ್ತದೆ. ನಾರು ಅಡ್ಡ ಬಿದ್ದಿದ್ದರೆ ಮಳೆಗಾಲದಲ್ಲಿ ಬೆನ್ನಿನ ಬಳಿ ಹಾಳೆಗಳು ಅಲೆಅಲೆಯಾಗಿ ಏಳುತ್ತವೆ, ಅಂಟಿನಿಂದ ಬಿಡುತ್ತವೆ.

ಎಡವಿರುವುದು ಬೆನ್ನಿನಲ್ಲಿ. ಪುಟಸಂಖ್ಯೆ ಗಟ್ಟಿಯಾಗುವ ಮೊದಲೇ ಮುಖಪುಟ ಮಾಡಿದ್ದಾರೆ, ಬೆನ್ನು 10 ಮಿ.ಮೀ. ಎಂದು ಹಿಡಿದು. 80 ಹಾಳೆಯ ದಪ್ಪ ಬಂದದ್ದು ಏಳು ಚಿಲ್ಲರೆ. ಹಾಗಾಗಿ ಬೆನ್ನಿನ ಬಣ್ಣದ ಪಟ್ಟಿ ಮುಂದಿನ ಮುಖದ ಮೇಲೆ ಗೆರೆಯಂತೆ ಇಣುಕುತ್ತಿದೆ. ಕೊನೆಯ ಪಿಡಿಎಫ್ ಕೈಗೆ ಬಂದ ಮೇಲೇ ರಕ್ಷಾಪುಟದ ಅಳತೆ ಹಾಕಿಸಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬಿಡಿಸಿ.

ಐಎಸ್‌ಬಿಎನ್‌ಗೆ ಬಿಲ್ಲಿನಲ್ಲಿ ಪ್ರತ್ಯೇಕ ಮೊತ್ತ ಹಾಕಿದ್ದಾರೆ. ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿಯೇ ಕೊಡುತ್ತದೆ. ಅರ್ಜಿ ತುಂಬುವ ಶ್ರಮಕ್ಕೆ ಚಾರ್ಜ್ ಮಾಡಲಿ, ತಕರಾರಿಲ್ಲ. ಆದರೆ ಪ್ರಕಾಶಕರ ಹೆಸರು ಯಾರದ್ದು ಎಂದು ಕೇಳಿಕೊಳ್ಳಿ. ಪ್ಯಾಕೇಜಿನವರ ಹೆಸರಲ್ಲಿ ಸಂಖ್ಯೆ ಬಂದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ. ಮುದ್ರಿತ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಐಎಸ್‌ಬಿಎನ್ ಬಂದರೆ ಹಕ್ಕು ಬಂದಂತಲ್ಲ. ಕೃತಿಸ್ವಾಮ್ಯ ಬರೆದಾಗಲೇ ಬರೆದವರಿಗೆ ಬಂದಿರುತ್ತದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕಾದದ್ದೂ ಪ್ರಕಾಶಕರೇ. ಪ್ಯಾಕೇಜಿನ ಪಟ್ಟಿಯಲ್ಲಿ ಇದರ ಸುದ್ದಿಯೇ ಇಲ್ಲ.

ಇ-ಪುಸ್ತಕದ ಸಾಲಿನಲ್ಲಿ ‘ಕಿಂಡಲ್’ ಎಂದು ದಪ್ಪಕ್ಷರದಲ್ಲಿದೆ. 2016ರಲ್ಲಿ ಅಮೆಜಾನ್‌ನ ಇ-ಪುಸ್ತಕ ಸೇವೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಕನ್ನಡ ಪುಸ್ತಕವನ್ನು ಯಾವ ಭಾಷೆಯೆಂದು ತೋರಿಸಿ ಏರಿಸುತ್ತೀರಿ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಕನ್ನಡದ ಓದುಗರನ್ನು ಹುಡುಕುವುದಾದರೆ ಕನ್ನಡ ಇ-ಪುಸ್ತಕಗಳ ಮೈಲ್ಯಾಂಗ್‌ನಂಥ ಆ್ಯಪ್ ಕಡೆ ಹೋಗುವುದು ಲೇಸು. ‘ಬೆಸ್ಟ್ ಸೆಲ್ಲರ್’ ಪಟ್ಟವಂತೂ ಜನ ಓಡಾಡದ ಸಣ್ಣ ವಿಭಾಗ ಆರಿಸಿ, ಪರಿಚಯದವರಿಂದ ಒಂದೇ ದಿನ ಕೊಳ್ಳಿಸಿ, ಸ್ಕ್ರೀನ್‌ಶಾಟ್ ತೆಗೆಯುವ ಆಟ. ಅದರಿಂದ ಒಂದು ಕೆಜಿ ಬೆಲ್ಲವೂ ಹೆಚ್ಚು ಹೋಗುವುದಿಲ್ಲ. ಕಲಾಮಂದಿರದ ‘ಮನೆಯಂಗಳ’ ಸಭಾಂಗಣದಲ್ಲಿ ಬಿಡುಗಡೆ, ಶಾಲು, ಪೇಟ, ಹಣ್ಣಿನ ಬುಟ್ಟಿ ನಿಮ್ಮ ಖುಷಿ, ಅದನ್ನು ಪುಸ್ತಕದ ಖರ್ಚಿಗೆ ಸೇರಿಸಬೇಡಿ.

ಕೊನೆಯ ಪುಟದ ಕ್ಯೂಆರ್ ಕೋಡ್ ಈ ಪ್ಯಾಕೇಜಿನ ಜಾಣ ಕೆಲಸವೂ ಹೌದು, ದೊಡ್ಡ ಅಪಾಯವೂ ಹೌದು. ಎರಡೂವರೆ ಸೆಂ.ಮೀ. ಅಗಲ, ಸುತ್ತ ಬಿಳಿ ಜಾಗ, ಫೋನು ತಟ್ಟನೆ ಹಿಡಿಯುತ್ತದೆ, ಆರ್ಡರ್ ಪುಟ ತೆರೆಯುತ್ತದೆ. ಆದರೆ ಅದು ವರ್ಷವರ್ಷ ಚಂದಾ ಕಟ್ಟುವ ಸೇವೆಯೊಂದರ ಕೋಡ್. ಚಂದಾ ನಿಂತ ದಿನ 500 ಪ್ರತಿಯಲ್ಲೂ ಕೋಡ್ ಸತ್ತಂತೆ. ಆಲೆಮನೆಯ ಸ್ವಂತ ವೆಬ್ ವಿಳಾಸಕ್ಕೇ ಕೋಡ್ ಮಾಡಿಸಬೇಕಿತ್ತು, ದರಪಟ್ಟಿಯನ್ನೂ ಅಲ್ಲೇ ಇಡಬಹುದಿತ್ತು. ಈಗ 158ನೇ ಪುಟದಲ್ಲಿ ಅಚ್ಚಾಗಿರುವ ಬೆಲ್ಲದ ದರ ಮುಂದಿನ ಸುಗ್ಗಿಗೆ ಹಳತು.

ಇದೇ ಪ್ರೆಸ್‌ಗೆ ಹೋಗುವವರು ಪ್ಯಾಕೇಜ್ ಬಿಟ್ಟು ಮುದ್ರಣ, ಬೈಂಡಿಂಗ್ ಮಾತ್ರ ಕೇಳಿ, ಕೊಡುತ್ತಾರೆ. ಮೊದಲು ಡಿಜಿಟಲ್‌ನಲ್ಲಿ 50 ಪ್ರತಿ ತೆಗೆಸಿ ಹಳೇ ಗಿರಾಕಿಗಳಿಗೆ ಹಂಚಿ. ತಪ್ಪುಗಳನ್ನು ಅವರೇ ಹಿಡಿದು ಕೊಡುತ್ತಾರೆ, ಆಮೇಲೆ 500ಕ್ಕೆ ಆಫ್‌ಸೆಟ್. ಪಿಡಿಎಫ್ ಜೊತೆ ತೆರೆದು ತಿದ್ದಬಹುದಾದ ಮೂಲ ಫೈಲನ್ನೂ ಕೊಡಬೇಕೆಂದು ಬರೆಸಿಕೊಳ್ಳಿ, ಇಲ್ಲದಿದ್ದರೆ ಎರಡನೇ ಮುದ್ರಣಕ್ಕೂ ಅವರ ಬಾಗಿಲೇ ಗತಿ. ಕಾಲುಭಾಗ ದುಡ್ಡನ್ನು ಕಟ್ಟು ಬಿಚ್ಚಿ, ಎಣಿಸಿ, ನಡುವಿನಿಂದ ನಾಲ್ಕು ಪ್ರತಿ ತಕ್ಕಡಿಗೆ ಹಾಕಿದ ಮೇಲೇ ಕೊಡಿ.