ಕಾಗದ, ಗೊಂಬೆ, ಮೇಜು: ಟ್ರಯಾಜ್ ಕಲಿಸಿದ ಮೂರು ಬಗೆ

ತುರ್ತು ವಿಭಾಗಕ್ಕೆ ಹೊಸದಾಗಿ ಬಂದ ನರ್ಸ್‌ಗಳಿಗೆ ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂದು ರೋಗಿಗಳನ್ನು ವಿಂಗಡಿಸುವುದು) ಕಲಿಸಲು ಮೂರು ದಾರಿ ಹಿಡಿದು ನೋಡಿದ್ದೇನೆ: ಕಾಗದದ ಮೇಲೆ ಬರೆದ ಪ್ರಕರಣಗಳು, ಉಸಿರಾಡುವ ಗೊಂಬೆಯ ಅಣಕು ಕೊಠಡಿ, ಟ್ರಯಾಜ್ ಮೇಜಿನಲ್ಲಿ ಅನುಭವಿಯ ಪಕ್ಕದಲ್ಲಿ ಕುಳಿತು ನಿಜವಾದ ರೋಗಿಗಳನ್ನು ವಿಂಗಡಿಸುವುದು. ಮೂರಕ್ಕೂ ಅಳತೆಗೋಲು ಒಂದೇ, ಐದು ಹಂತಗಳ ಇಎಸ್‌ಐ (ಎಮರ್ಜೆನ್ಸಿ ಸಿವಿಯರಿಟಿ ಇಂಡೆಕ್ಸ್): 1 ಅತಿ ತುರ್ತು, 5 ಅತಿ ಕಡಿಮೆ ತುರ್ತು.

ನಿಯಮ ಕಲಿಸುವುದಕ್ಕೆ ಕಾಗದವನ್ನು ಮೀರಿಸಿದ್ದಿಲ್ಲ. ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತು ಪ್ರಕರಣ ಮುಗಿಯುತ್ತವೆ. ತೀರಾ ತುರ್ತಿಲ್ಲದವರ ಹಂತ ನಿಲ್ಲುವುದು ಎಷ್ಟು ಬಗೆಯ ಪರೀಕ್ಷೆ, ಚಿಕಿತ್ಸೆ ಬೇಕಾದೀತು ಎಂಬುದರ ಮೇಲೆ; ಅವನ್ನೇ ಸಂಪನ್ಮೂಲ ಎನ್ನುತ್ತೇವೆ. ರಕ್ತ ಪರೀಕ್ಷೆ ನಾಲ್ಕಾದರೂ, ಮೂತ್ರ ಪರೀಕ್ಷೆ ಜೊತೆಗೂಡಿದರೂ ಒಂದೇ ಸಂಪನ್ಮೂಲ. ಎಕ್ಸ್‌ರೇ ಸೇರಿದರೆ ಎರಡು, ಆಗ 3ನೇ ಹಂತ. ನುಂಗುವ ಮಾತ್ರೆ, ಟೆಟನಸ್ ಚುಚ್ಚುಮದ್ದು ಲೆಕ್ಕಕ್ಕೇ ಇಲ್ಲ. ಇಂಥದ್ದು ಬರೆದು ಬರೆದೇ ಕೈಗೆ ಹತ್ತಬೇಕು. ತೊಂದರೆಯೆಂದರೆ, ನರ್ಸ್ ನೋಡಬೇಕಾದುದನ್ನು ಕಾಗದ ತಾನೇ ನೋಡಿಬಿಟ್ಟಿರುತ್ತದೆ. ‘ಮುಖ ಬಿಳಿಚಿದೆ, ಬೆವರುತ್ತಿದ್ದಾರೆ’ ಎಂದು ಬರೆದ ಮೇಲೆ ಉತ್ತರ ಹೇಳಲು ಇನ್ನೇನು ಉಳಿಯಿತು?

ಹಾಗಾಗಿ ಪ್ರಕರಣಗಳನ್ನು ಅರ್ಧ ಮುಚ್ಚಿಡಲು ಶುರುಮಾಡಿದೆ. ‘62 ವರ್ಷದ ಮಹಿಳೆ, ಸುಸ್ತು, ಹೊಟ್ಟೆ ತೊಳಸುತ್ತಿದೆ’, ಇಷ್ಟೇ. ಉಳಿದದ್ದು ಕೇಳಿದವರಿಗೆ ಮಾತ್ರ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದವರು ಎಚ್ಚೆತ್ತುಕೊಂಡರು: ಮಧುಮೇಹಿಗಳಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು, ರೋಗಿ ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಲೇ ಇಲ್ಲ. ಅವರೆಲ್ಲ ಪೂರ್ತಿ ಬರೆದುಕೊಟ್ಟ ಪ್ರಕರಣಗಳಲ್ಲಿ ಚೆನ್ನಾಗಿ ಅಂಕ ತೆಗೆದವರೇ.

ಗೊಂಬೆಯ ಮೇಲೆ ನನಗೆ ಅತಿ ಹೆಚ್ಚು ನಿರೀಕ್ಷೆಯಿತ್ತು, ಅತಿ ಹೆಚ್ಚು ಬೇಸರವೂ ಅಲ್ಲೇ ಆಯಿತು. ಇಬ್ಬರು ಕೆಲಸ ಮಾಡುತ್ತಾರೆ, ಎಂಟು ಜನ ಗೋಡೆಗೊರಗಿ ನೋಡುತ್ತಾರೆ. ಅದಕ್ಕಿಂತ ದೊಡ್ಡ ಕೊರತೆ ಬೇರೆ: ಕಾಲು ಉಳುಕಿದ ಗೊಂಬೆಯನ್ನು ಯಾರೂ ಕಂಡಿಲ್ಲ. ಕೊಠಡಿಗೆ ಕಾಲಿಡುವಾಗಲೇ ಏನೋ ಅನಾಹುತ ಕಾದಿದೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಪಳಗಿದವರು ಮೇಜಿಗೆ ಬಂದ ಮೊದಲ ವಾರ ಕಂಡವರಿಗೆಲ್ಲ 2ನೇ ಹಂತ ಕೊಟ್ಟರು; ಹಾಸಿಗೆ ತುಂಬಿ, ನಿಜವಾಗಿ ಬೇಕಾದವರು ಕಾಯಬೇಕಾಯಿತು. ಉಸಿರು ನಿಂತ 1ನೇ ಹಂತದ ಅಭ್ಯಾಸಕ್ಕೆ ಮಾತ್ರ ಈಗಲೂ ಗೊಂಬೆಯನ್ನೇ ಬಳಸುತ್ತೇನೆ.

ಮೇಜಿನ ಪಕ್ಕದ ಕಲಿಕೆಗೆ ಸಾಟಿಯಿಲ್ಲ ಎನ್ನುವವರಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ, ಹಿರಿಯರ ಸೋಮಾರಿತನವೂ ಅಲ್ಲೇ ದಾಟುತ್ತದೆ. ಒಮ್ಮೆ ದಾಖಲೆ ಪುಸ್ತಕದ ಉಸಿರಿನ ಅಂಕಣದ ಮೇಲೆ ಬೆರಳಾಡಿಸಿದೆ: 18, 18, 20, 18. ಗಡಿಯಾರ ಹಿಡಿದು, 18 ಎಂದು ಬರೆಸಿಕೊಂಡಿದ್ದ ವೃದ್ಧರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ. 28 ಬಂತು. ವಯಸ್ಕರಲ್ಲಿ 20 ದಾಟಿದರೆ 3ರಿಂದ 2ಕ್ಕೆ ಏರಿಸಬೇಕೇ ಎಂದು ಯೋಚಿಸಬೇಕು. ಪುಸ್ತಕ ನಂಬಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮೇಜಿಗೆ ಇನ್ನೊಂದು ಕೊರತೆ, ರೋಗಿ ಒಳಗೆ ಹೋದ ಮೇಲೆ ಏನಾಯಿತೆಂದು ನರ್ಸ್‌ಗೆ ತಿಳಿಯುವುದೇ ಇಲ್ಲ. ಅದಕ್ಕೊಂದು ಕಿರುಪುಸ್ತಕ ಕೊಟ್ಟೆ. ಹೆಸರು ಬೇಡ, ಕೊಟ್ಟ ಹಂತ, ಎಣಿಸಿದ ಅಂಕೆಗಳು, ಒಂದು ಸಾಲಿನ ಕಾರಣ. ಮರುದಿನ ಅದರ ಮುಂದೆ ಫಲಿತಾಂಶ: ಐಸಿಯುವೋ, ವಾರ್ಡೋ, ಮನೆಯೋ. ಇದನ್ನು ಓದುವುದಕ್ಕೂ ಹದ ಬೇಕು. ಎದೆನೋವಿನವರು ಸಂಜೆಗೆ ಮನೆಗೆ ಹೋದ ಮಾತ್ರಕ್ಕೆ 2ನೇ ಹಂತ ತಪ್ಪಾಗುವುದಿಲ್ಲ. ಆದರೆ 4 ಕೊಟ್ಟವರು ಐಸಿಯು ಸೇರಿದ್ದರೆ ಆ ಸಾಲನ್ನು ಇಬ್ಬರೂ ಕುಳಿತು ಓದುತ್ತೇವೆ. ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ ಮಾತ್ರೆ) ನುಂಗುವವರ ನಾಡಿ ರಕ್ತ ಸೋರುತ್ತಿದ್ದರೂ ಓಡದಿರಬಹುದು ಎಂಬುದು ಹೆಚ್ಚಿನವರಿಗೆ ಮನದಟ್ಟಾದದ್ದು ಹೀಗೆ ಕುಳಿತಾಗಲೇ.

ಈಗ ನನ್ನ ಕ್ರಮ, ಮೊದಲ ವಾರ ಅರ್ಧ ಮುಚ್ಚಿದ ಕಾಗದ, ಆಮೇಲೆ ಮೇಜು ಮತ್ತು ಕಿರುಪುಸ್ತಕ. ಪುಸ್ತಕ ಕೈಗೆ ಬಂದೊಡನೆ ಮೊದಲು ಉಸಿರಿನ ಅಂಕೆಗಳನ್ನೇ ನೋಡುತ್ತೇನೆ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಬೆಸ ಸಂಖ್ಯೆ ಬರುವುದಿಲ್ಲ. ಅಲ್ಲಲ್ಲಿ 17, 23, 19 ಕಂಡರೆ ಆ ನರ್ಸ್‌ನ ಪಕ್ಕದಿಂದ ನನ್ನ ಕುರ್ಚಿ ಎತ್ತುತ್ತೇನೆ.